ಹಿತ್ತಲಿನ ಟ್ರೇಲ್ ಕ್ಯಾಮೆರಾ ಮತ್ತು ಕಾಳಿನ ತಟ್ಟೆ: ಎರಡನ್ನೂ ಒಂದೇ ಕಡೆ ಇಡಬೇಕೆ?

ಹಿತ್ತಲಿಗೆ ಬಂದುಹೋಗುವ ಪ್ರಾಣಿಪಕ್ಷಿಗಳನ್ನು ಗಮನಿಸಬೇಕೆಂಬ ಆಸೆ ಹುಟ್ಟಿದವರು ಸಾಮಾನ್ಯವಾಗಿ, ಪ್ರಾಣಿ ಎದುರಿಗೆ ಬಂದಾಗ ತಾನಾಗಿ ಚಿತ್ರ ತೆಗೆಯುವ ಟ್ರೇಲ್ ಕ್ಯಾಮೆರಾ ಮತ್ತು ಹಕ್ಕಿಗಳಿಗೆ ಕಾಳು ಇಡುವ ಫೀಡರ್ ಎರಡನ್ನೂ ಜೊತೆಯಾಗಿಯೇ ಕೊಳ್ಳುತ್ತಾರೆ. ಫೀಡರಿಗೆ ಕಾಳು ತುಂಬಿ ಎದುರಿಗೆ ಕ್ಯಾಮೆರಾ ಕಟ್ಟಿದರೆ ಬೇಗನೆ ಚಿತ್ರಗಳು ಸಿಗುತ್ತವೆ ಎಂಬುದು ನಿಜವೇ. ಆದರೆ ಈ ಎರಡು ಸಾಧನಗಳ ಸ್ವಭಾವ ಪರಸ್ಪರ ವಿರುದ್ಧವಾದದ್ದು. ಮನುಷ್ಯ ಎದುರಿಗಿಲ್ಲದಿರುವಾಗ ಪ್ರಾಣಿ ಏನು ಮಾಡುತ್ತದೆ ಎಂಬುದನ್ನು ತೋರಿಸುವುದು ಕ್ಯಾಮೆರಾದ ಹೆಚ್ಚುಗಾರಿಕೆ. ಅಲ್ಲಿಗೆ ಬರುವ ಅಗತ್ಯವೇ ಇಲ್ಲದಿದ್ದ ಪ್ರಾಣಿಯನ್ನೂ ಬರುವಂತೆ ಮಾಡುವುದು ಫೀಡರಿನ ಕೆಲಸ. ಎರಡನ್ನೂ ಒಂದೇ ಕಡೆ ಇಟ್ಟಾಗ ನಮಗೆ ಸಿಗುವುದು ಹಿತ್ತಲಿನ ದಿನಚರಿಯಲ್ಲ, ನಾವು ಇಟ್ಟ ಕಾಳಿನ ಪರಿಣಾಮ. ಬಹಳ ಕಾಲ ಎರಡನ್ನೂ ಬಳಸಿದ ಮೇಲೆ ನಾನು ಕ್ಯಾಮೆರಾವನ್ನು ತಟ್ಟೆಯಿಂದ ದೂರಕ್ಕೆ ಸಾಗಿಸಿದ್ದೇನೆ. ಅದಕ್ಕೆ ಕಾರಣಗಳನ್ನೂ, ಇದರ ನಡುವೆ ಕ್ಯಾಮೆರಾದ ಬಗ್ಗೆ ತಿಳಿದುಕೊಂಡ ಸಂಗತಿಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಕ್ಯಾಮೆರಾ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯದೆ ಕಟ್ಟಿದರೆ ಕಾರ್ಡಿನ ತುಂಬ ಖಾಲಿ ಚಿತ್ರಗಳೇ ಇರುತ್ತವೆ. ಟ್ರೇಲ್ ಕ್ಯಾಮೆರಾ ನಾವು ಅಂದುಕೊಂಡಂತೆ ಚಲನೆಯನ್ನು ನೋಡುವುದಿಲ್ಲ. ಅದರ ಮುಂಭಾಗದಲ್ಲಿ, ಲೆನ್ಸಿನ ಕೆಳಗೆ, ಗೀರುಗಳಿರುವ ಬೆಳ್ಳಗಿನ ಪ್ಲಾಸ್ಟಿಕ್ಕಿನ ಒಂದು ಕಿಟಕಿಯಿರುತ್ತದೆ. ಆ ಗೀರುಗಳೇ ಫ್ರೆನೆಲ್ ಮಸೂರ. ಅದು ಎದುರಿನ ಜಾಗವನ್ನು ಹಲವು ಪಟ್ಟಿಗಳಾಗಿ ವಿಂಗಡಿಸಿ, ಪ್ರತಿಯೊಂದು ಪಟ್ಟಿಯಿಂದ ಬರುವ ಶಾಖದ ಕಿರಣಗಳನ್ನು ಹಿಂದಿರುವ ಸೆನ್ಸರಿನ ಮೇಲೆ ಬೀಳಿಸುತ್ತದೆ. ಸೆನ್ಸರಿನಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಭಾಗಗಳಿಗೆ ತಲುಪುವ ಶಾಖದಲ್ಲಿ ಥಟ್ಟನೆ ವ್ಯತ್ಯಾಸ ಉಂಟಾದರೆ ಕ್ಯಾಮೆರಾ ಎಚ್ಚರಗೊಳ್ಳುತ್ತದೆ. ಅಂದರೆ ಹಿನ್ನೆಲೆಗಿಂತ ಬಿಸಿಯಾಗಿರುವ ಅಥವಾ ತಂಪಾಗಿರುವ ವಸ್ತುವೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಬೇಕು. ಬಿಸಿಯ ವ್ಯತ್ಯಾಸವೂ ಬೇಕು, ದಾಟುವಿಕೆಯೂ ಬೇಕು.

ಕ್ಯಾಮೆರಾ ಕಟ್ಟುವ ಬಹುತೇಕ ನಿಯಮಗಳು ಇದೊಂದೇ ಸಂಗತಿಯಿಂದ ಹುಟ್ಟುತ್ತವೆ. ಎಡದಿಂದ ಬಲಕ್ಕೆ ಹಾದುಹೋಗುವ ಪ್ರಾಣಿ ಬೇಗ ಸಿಕ್ಕಿಬೀಳುತ್ತದೆ. ನೇರವಾಗಿ ಕ್ಯಾಮೆರಾದ ಕಡೆಗೇ ನಡೆದು ಬರುವ ಪ್ರಾಣಿ ಒಂದೇ ಪಟ್ಟಿಯೊಳಗೆ ಉಳಿದುಕೊಳ್ಳುವುದರಿಂದ ತೀರಾ ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ. ಹಾಗೆಂದು ಹಾದಿಗೆ ಪೂರ್ತಿ ಅಡ್ಡಲಾಗಿ ಕಟ್ಟಿದರೆ ಓಡುವ ಪ್ರಾಣಿಯ ಬಾಲವಷ್ಟೇ ಸಿಗುತ್ತದೆ. ಆದ್ದರಿಂದ ಹಾದಿಗೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ ಕಟ್ಟುವುದು ಒಳ್ಳೆಯ ರಾಜಿ. ಬೇಸಿಗೆಯ ಮಧ್ಯಾಹ್ನದಲ್ಲಿ ನೆಲದ ಬಿಸಿಯೂ ಪ್ರಾಣಿಯ ಮೈಯ ಬಿಸಿಯೂ ಹೆಚ್ಚುಕಡಿಮೆ ಒಂದೇ ಆದಾಗ ಸೆನ್ಸರ್ ಮಂಕಾಗುತ್ತದೆ. ಅದೇ ಹೊತ್ತಿನಲ್ಲಿ ಬಿಸಿಲಿಗೆ ಕಾದ ಎಲೆಯೊಂದು ಗಾಳಿಗೆ ತೂಗಾಡಿದರೆ ಚಿತ್ರದ ಮೇಲೆ ಚಿತ್ರ ತೆಗೆಯುತ್ತದೆ. ನೂರಾರು ಖಾಲಿ ಚಿತ್ರಗಳ ಹಿಂದೆ ಹೆಚ್ಚಾಗಿ ಲೆನ್ಸಿನ ಮುಂದೆ ಬಾಗಿದ ಒಂದು ಹುಲ್ಲಿನ ಎಸಳು ಇರುತ್ತದೆ. ಪೂರ್ವಕ್ಕೂ ಪಶ್ಚಿಮಕ್ಕೂ ಮುಖ ಮಾಡಿಸಬಾರದೆಂದು ಹೇಳುವುದು ಸೂರ್ಯನ ಬೆಳಕು ನೇರವಾಗಿ ಸೆನ್ಸರಿಗೆ ಬೀಳದಿರಲೆಂದು.

ಕಿಟಕಿಯ ಗಾಜಿನ ಹಿಂದೆ ಕ್ಯಾಮೆರಾ ಇಟ್ಟು ಹೊರಗಿನದನ್ನು ಹಿಡಿಯಬಹುದೆಂಬ ಯೋಚನೆ ಅನೇಕರಿಗೆ ಬರುತ್ತದೆ. ಅದು ನಡೆಯುವುದಿಲ್ಲ. ಪ್ರಾಣಿಯ ಮೈಯಿಂದ ಹೊರಡುವ ದೀರ್ಘ ತರಂಗಾಂತರದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳಿಗೆ ಕಿಟಕಿಯ ಗಾಜು ಗೋಡೆಯೇ ಸರಿ. ರಾತ್ರಿಯಲ್ಲಂತೂ ಕ್ಯಾಮೆರಾದ ಬೆಳಕೇ ಗಾಜಿಗೆ ತಗುಲಿ ಹಿಂದಿರುಗಿ ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಹಾಗೆಯೇ ಹಲ್ಲಿ, ಓತಿಕ್ಯಾತ, ಕಪ್ಪೆ, ಹಾವುಗಳ ಮೈಯ ಬಿಸಿ ಸುತ್ತಲಿನ ಬಿಸಿಗೆ ಹತ್ತಿರವಾಗಿರುವುದರಿಂದ ಅವು ಸೆನ್ಸರಿನ ಎದುರೇ ಹರಿದು ಹೋದರೂ ದಾಖಲಾಗದಿರಬಹುದು. ಅವುಗಳನ್ನು ನೋಡಬೇಕಾದರೆ ಸೆನ್ಸರನ್ನು ನೆಚ್ಚದೆ, ನಿಗದಿತ ಅವಧಿಗೊಮ್ಮೆ ತಾನಾಗಿ ಚಿತ್ರ ತೆಗೆಯುವ ಟೈಮ್‌ಲ್ಯಾಪ್ಸ್ ವಿಧಾನಕ್ಕೆ ಬದಲಾಯಿಸಬೇಕು. ನನ್ನ ಹಿತ್ತಲಿನ ಪಟ್ಟಿಯಲ್ಲಿ ಸಸ್ತನಿಗಳೇ ಹೆಚ್ಚಾಗಿರುವುದಕ್ಕೆ ಅರ್ಧ ಕಾರಣ ಈ ಸೆನ್ಸರಿನ ಪಕ್ಷಪಾತ ಎಂಬುದನ್ನು ನಾನು ಮರೆಯುವುದಿಲ್ಲ.

ರಾತ್ರಿಯ ಬೆಳಕಿನ ವಿಚಾರದಲ್ಲಿ ಆಯ್ಕೆ ಎರಡೇ. 850 ನ್ಯಾನೋಮೀಟರ್ ತರಂಗಾಂತರದ ಎಲ್‌ಇಡಿಗಳು ದೂರದವರೆಗೆ ಬೆಳಕು ಚೆಲ್ಲುತ್ತವೆ, ಚಿತ್ರವೂ ಸ್ಪಷ್ಟವಾಗಿರುತ್ತದೆ, ಆದರೆ ಉರಿಯುವಾಗ ಮಂದವಾದ ಕೆಂಪು ಚುಕ್ಕೆಗಳಾಗಿ ಕಾಣಿಸುತ್ತವೆ. 940 ನ್ಯಾನೋಮೀಟರಿನವು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ತೆರುವ ಬೆಲೆಯೆಂದರೆ ಕಡಿಮೆ ದೂರ ಮತ್ತು ಕಾಳುಕಾಳಾದ ಚಿತ್ರ. ಹಿತ್ತಲಿನಲ್ಲಿ ದೂರ ಹೇಗೂ ಕಡಿಮೆಯಾದ್ದರಿಂದ ನಾನು ಎರಡನೆಯದನ್ನೇ ಆರಿಸುತ್ತೇನೆ. ಹಾಗೆಂದು ಕ್ಯಾಮೆರಾ ಅಲ್ಲಿರುವುದು ಪ್ರಾಣಿಗಳಿಗೆ ತಿಳಿಯುವುದೇ ಇಲ್ಲ ಎಂದುಕೊಳ್ಳಬಾರದು. ಹಗಲಿನಿಂದ ರಾತ್ರಿಯ ವಿಧಾನಕ್ಕೆ ಬದಲಾಗುವಾಗ ಲೆನ್ಸಿನ ಹಿಂದಿರುವ ಅವಕೆಂಪು ತಡೆಯುವ ಸೋಸುಗಾಜು ಸರಿದು ಚಿಕ್ಕ ಸದ್ದು ಬರುತ್ತದೆ. ಕ್ಯಾಮೆರಾದ ವಿದ್ಯುನ್ಮಂಡಲಗಳಿಂದ ನಮ್ಮ ಕಿವಿಗೆ ಕೇಳದ, ಪ್ರಾಣಿಗಳಿಗೆ ಕೇಳಬಲ್ಲ ಸದ್ದೂ ಹೊರಡುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಪುನುಗು ಬೆಕ್ಕೊಂದು ನಡೆಯುತ್ತಿದ್ದ ಹೆಜ್ಜೆಯನ್ನು ಅರ್ಧಕ್ಕೇ ನಿಲ್ಲಿಸಿ, ಮುಂಗಾಲೊಂದನ್ನು ಎತ್ತಿ ಹಿಡಿದುಕೊಂಡೇ, ಮೂಗನ್ನು ನೇರವಾಗಿ ಲೆನ್ಸಿನ ಕಡೆಗೆ ಚಾಚಿ ನಿಂತ ವಿಡಿಯೋ ನನ್ನ ಬಳಿಯಿದೆ. ಕಣ್ಣುಗಳೆರಡೂ ಬಿಳಿಯ ಬಿಲ್ಲೆಗಳಂತೆ ಹೊಳೆಯುತ್ತವೆ, ಮೀಸೆಯ ಒಂದೊಂದು ಕೂದಲೂ ಕಾಣಿಸುತ್ತದೆ. ಅದು ಕಂಡದ್ದೋ, ಕೇಳಿದ್ದೋ, ಕ್ಯಾಮೆರಾ ಕಟ್ಟಿದ ಪಟ್ಟಿಗೆ ಅಂಟಿದ ನನ್ನ ಕೈಯ ವಾಸನೆಯೋ ಹೇಳಲಾಗದು. ಮಾರನೆಯ ರಾತ್ರಿ ಅದೇ ಗೋಡೆಯ ಮೇಲೆ ಅದೇ ದಿಕ್ಕಿಗೆ, ನಿಲ್ಲದೆ ಹಾದುಹೋಯಿತು.

ಕೊಳ್ಳುವಾಗ ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಕಾಗಿಲ್ಲ. ಎಷ್ಟೋ ಮಾದರಿಗಳಲ್ಲಿ ಡಬ್ಬದ ಮೇಲೆ ಮುದ್ರಿಸಿದ ದೊಡ್ಡ ಸಂಖ್ಯೆಯ ಬಹುಪಾಲನ್ನು ತಂತ್ರಾಂಶ ಊಹಿಸಿ ತುಂಬಿಸಿರುತ್ತದೆ. ಫೈಲು ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಪ್ರಾಣಿ ಕಾಣಿಸಿಕೊಂಡ ಎಷ್ಟು ಹೊತ್ತಿಗೆ ಚಿತ್ರ ತೆಗೆಯುತ್ತದೆ, ತೆಗೆದ ಮೇಲೆ ಮತ್ತೆ ಎಷ್ಟು ಹೊತ್ತಿಗೆ ಸಿದ್ಧವಾಗುತ್ತದೆ ಎಂಬ ಎರಡು ಸಂಗತಿಗಳೇ ಮುಖ್ಯ. ಇನ್ನೊಂದು, ಫೋಕಸ್. ಈ ಕ್ಯಾಮೆರಾಗಳ ಫೋಕಸನ್ನು ಕಾರ್ಖಾನೆಯಲ್ಲೇ ನಿಗದಿ ಮಾಡಿರುತ್ತಾರೆ. ಸಾಮಾನ್ಯವಾಗಿ ಒಂದೂವರೆ ಎರಡು ಮೀಟರಿಗಿಂತ ಹತ್ತಿರದ್ದೆಲ್ಲ ಮಸುಕಾಗುತ್ತದೆ. ಇಲಿ, ಅಳಿಲು, ಸಣ್ಣ ಹಕ್ಕಿಗಳನ್ನು ಹತ್ತಿರದಿಂದ ತೆಗೆಯಬೇಕೆಂದರೆ ಓದುವ ಕನ್ನಡಕದ ಪ್ಲಸ್ ಪವರಿನ ಗಾಜೊಂದನ್ನು ಲೆನ್ಸಿನ ಮುಂದೆ ಮಾತ್ರ, ಸೆನ್ಸರಿನ ಕಿಟಕಿ ಮುಚ್ಚದಂತೆ, ಅಂಟಿಸುವ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯಾಟರಿಯ ವಿಷಯದಲ್ಲಿ ಹೇಳಬೇಕಾದದ್ದು ಇಷ್ಟೇ: ಆಲ್ಕಲೈನ್ ಸೆಲ್ಲುಗಳ ವೋಲ್ಟೇಜ್ ಬಳಸಿದಂತೆಲ್ಲ ಇಳಿಯುವುದರಿಂದ ಮೊದಲು ಸೊರಗುವುದು ರಾತ್ರಿಯ ಬೆಳಕು, 1.5 ವೋಲ್ಟಿನ ಲಿಥಿಯಂ ಸೆಲ್ಲುಗಳು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತವೆ.

ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಜಾರ್ಜ್ ಶಿರಾಸ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ, ಪ್ರಾಣಿ ತಾನೇ ದಾರ ಎಳೆದು ಫ್ಲ್ಯಾಶ್ ಸಿಡಿಸಿಕೊಳ್ಳುವಂತೆ ಏರ್ಪಾಡು ಮಾಡಿದ್ದರು. ಅವರ 74 ಚಿತ್ರಗಳನ್ನು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1906ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿತು. 1920ರ ದಶಕದಲ್ಲಿ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ ಹುಲಿಗಳ ಹಾದಿಗೆ ಅಡ್ಡಲಾಗಿ ತಂತಿ ಕಟ್ಟಿ ಅವುಗಳ ರಾತ್ರಿಯ ಚಿತ್ರ ತೆಗೆದರು. ಆದರೆ ಈ ಚಿತ್ರಗಳು ಎಣಿಕೆಯ ಸಾಧನವಾದದ್ದು ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ನಡೆಸಿದ ಕೆಲಸದಿಂದ. ಹುಲಿಗಳು ತಾವಾಗಿಯೇ ಓಡಾಡುವ ಹಾದಿಗಳಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಮತ್ತೆ ಮತ್ತೆ ಸಿಕ್ಕಿದವುಗಳ ಪ್ರಮಾಣದಿಂದ ಒಟ್ಟು ಸಂಖ್ಯೆಯನ್ನು ಅಂದಾಜು ಮಾಡುವ ಅವರ ವಿಧಾನ 1995ರಲ್ಲಿ ಪ್ರಕಟವಾಯಿತು. ಅದನ್ನು ಹಿತ್ತಲಿಗೆ ಎಳೆದು ತರುವುದು ಅತಿಯಾಯಿತೆಂದು ಕೆಲವರಿಗೆ ಅನಿಸಬಹುದು. ನನಗೆ ಅದರಲ್ಲಿ ಮುಖ್ಯವೆನಿಸಿದ್ದು ಸ್ಥಳದ ಆಯ್ಕೆ: ಪ್ರಾಣಿ ಹೇಗೂ ಹೋಗುತ್ತಿದ್ದ ದಾರಿ.

ಫೀಡರಿನ ಮುಂದೆ ಆಗುವುದು ಬೇರೆಯೇ. ಕಾಳು ಒಂದೇ ಜಾಗದಲ್ಲಿ, ಪ್ರತಿದಿನ, ಧಾರಾಳವಾಗಿ ಸಿಗತೊಡಗಿದಾಗ ಅದರ ಲಾಭ ಪಡೆಯುವುದು ಗುಂಪಾಗಿ ಬರುವ, ಮನುಷ್ಯರಿಗೆ ಹೆದರದ, ಜಗಳಕ್ಕೆ ಹಿಂಜರಿಯದ ಹಕ್ಕಿಗಳು. ಪಾರಿವಾಳ, ಕಾಗೆ, ಗೊರವಂಕಗಳು ತಟ್ಟೆಯನ್ನು ಆಕ್ರಮಿಸಿಕೊಳ್ಳುತ್ತವೆ. ಪೊದೆಯೊಳಗೆ ಒಂಟಿಯಾಗಿ ಹುಳು ಹೆಕ್ಕುವ ಹಕ್ಕಿಗೆ ಆ ಕಾಳೂ ಬೇಡ, ಆ ಗದ್ದಲವೂ ಬೇಡ. ಕೆಳಗೆ ಚೆಲ್ಲಿದ ಕಾಳಿಗೆ ರಾತ್ರಿ ಇಲಿ ಹೆಗ್ಗಣಗಳು ಬರುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ. ಇಲಿ ಹೆಚ್ಚಿತೆಂದು ಅಕ್ಕಪಕ್ಕದಲ್ಲಿ ಯಾರಾದರೂ ಪಾಷಾಣ ಇಟ್ಟರೆ ಅದನ್ನು ತಿಂದು ನಿಧಾನವಾಗುವ ಇಲಿಯನ್ನು ಗೂಬೆಯೋ ಮುಂಗುಸಿಯೋ ಸುಲಭವಾಗಿ ಹಿಡಿದು ತಿನ್ನುತ್ತದೆ, ವಿಷ ಅದರ ಮೈಗೂ ಸೇರುತ್ತದೆ. ತಟ್ಟೆಯ ಸುತ್ತ ಹಕ್ಕಿಗಳು ನಿಶ್ಚಿಂತೆಯಿಂದ ನೆರೆಯುವುದನ್ನು ಮನೆಬೆಕ್ಕುಗಳೂ ಗಮನಿಸುತ್ತವೆ.

ರೋಗದ ವಿಷಯ ಇನ್ನೂ ಗಂಭೀರವಾದದ್ದು. ಟ್ರೈಕೊಮೊನಾಸ್ ಎಂಬ ಏಕಕೋಶ ಪರೋಪಜೀವಿ ಮೊದಲಿನಿಂದಲೂ ಪಾರಿವಾಳಗಳ ಗಂಟಲಿನಲ್ಲಿ ಕಂಡುಬರುತ್ತಿತ್ತು. 2005ರಲ್ಲಿ ಬ್ರಿಟನ್ನಿನ ಫಿಂಚ್ ಹಕ್ಕಿಗಳಲ್ಲಿ ಅದು ಕಾಣಿಸಿಕೊಂಡು, ಗ್ರೀನ್‌ಫಿಂಚ್‌ಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. 2021ರಲ್ಲಿ ಆ ಹಕ್ಕಿ, ಸಂರಕ್ಷಣೆಯ ಕಾಳಜಿ ಅತಿ ಹೆಚ್ಚು ಬೇಕಾದ ಹಕ್ಕಿಗಳ ಅಲ್ಲಿನ ಕೆಂಪು ಪಟ್ಟಿಗೆ ಸೇರಿತು. ಗಂಟಲು ಊದಿ ನುಂಗಲಾರದ ಹಕ್ಕಿ ಬಾಯಿಂದ ಉದುರಿಸಿದ, ಜೊಲ್ಲು ತಗುಲಿದ ಒದ್ದೆ ಕಾಳನ್ನು ಇನ್ನೊಂದು ಹಕ್ಕಿ ತಿನ್ನುವುದು ಅದು ಹರಡುವ ಒಂದು ದಾರಿ. ಅಮೆರಿಕದ ಪೂರ್ವಭಾಗದಲ್ಲಿ 1994ರಲ್ಲಿ ಗಮನಕ್ಕೆ ಬಂದ, ಹೌಸ್ ಫಿಂಚ್‌ಗಳ ಕಣ್ಣು ಊದಿಸಿ ಕುರುಡಾಗಿಸುವ ರೋಗಕ್ಕೆ ಕಾರಣ ಕೋಳಿಗಳಲ್ಲಿರುವ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ. ಅದು ಹರಡುವುದಕ್ಕೂ ಫೀಡರುಗಳು ನೆರವಾದವು. ಕಾಡಿನಲ್ಲಿ ಚದುರಿ ಮೇಯುವ ಹಕ್ಕಿಗಳು ಒಂದೇ ರಂಧ್ರಕ್ಕೆ ಒಂದರ ಹಿಂದೆ ಒಂದರಂತೆ ಕೊಕ್ಕು ಹಾಕುವ ಸಂದರ್ಭ ಸಹಜವಾಗಿ ಒದಗುವುದು ಬಲು ಅಪರೂಪ.

ಫೀಡರುಗಳ ಪ್ರಭಾವ ಹಿತ್ತಲಿನ ಬೇಲಿಗೆ ನಿಲ್ಲುವುದೂ ಇಲ್ಲ. ಮಧ್ಯ ಯುರೋಪಿನಲ್ಲಿ ಮರಿ ಮಾಡುವ ಬ್ಲ್ಯಾಕ್‌ಕ್ಯಾಪ್ ಎಂಬ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಸ್ಪೇನ್ ಮತ್ತು ಅದರಾಚೆಗೆ ವಲಸೆ ಹೋಗುತ್ತಿದ್ದವು. ಕಳೆದ ಶತಮಾನದ ಉತ್ತರಾರ್ಧದಿಂದ ಅವುಗಳ ಒಂದು ಪಂಗಡ ದಿಕ್ಕು ಬದಲಿಸಿ ಬ್ರಿಟನ್ನಿಗೆ ಹೋಗತೊಡಗಿತು. ಹಾರುವ ದಿಕ್ಕು ಅವುಗಳಿಗೆ ವಂಶಪಾರಂಪರ್ಯವಾಗಿ ಬರುತ್ತದೆಂಬುದು ಪ್ರಯೋಗಗಳಿಂದ ತಿಳಿದಿದೆ. ಚಳಿಗಾಲದ ಚಳಿ ಕಡಿಮೆಯಾದದ್ದರ ಜೊತೆಗೆ ಬ್ರಿಟನ್ನಿನ ಹಿತ್ತಲುಗಳಲ್ಲಿ ಇಟ್ಟ ಆಹಾರವೂ ಈ ಹೊಸ ವಲಸೆಯನ್ನು ಪೋಷಿಸಿತು. ಇದು ಹಕ್ಕಿಗೆ ಕೆಡುಕೆಂದು ನಾನು ಹೇಳುತ್ತಿಲ್ಲ. ಹಿತ್ತಲಿನಲ್ಲಿ ಇಟ್ಟ ಹಿಡಿ ಕಾಳು ಎಷ್ಟು ದೂರದವರೆಗೆ ಕೆಲಸ ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇಷ್ಟಾದರೂ ಕಾಳು ಇಡಲೇಬೇಕೆನ್ನುವವರನ್ನು ನಾನು ತಡೆಯುವುದಿಲ್ಲ. ಮನೆಯ ಮಕ್ಕಳು ಒಂದು ಹಕ್ಕಿಯನ್ನು ಹತ್ತಿರದಿಂದ ನೋಡುವುದಕ್ಕೆ ಅದರಷ್ಟು ಸುಲಭದ ದಾರಿ ಇನ್ನೊಂದಿಲ್ಲ. ಸಂಜೆಯೊಳಗೆ ಮುಗಿಯುವಷ್ಟನ್ನೇ ಇಡಬೇಕು, ಮಳೆಗೆ ನೆನೆದದ್ದನ್ನು ಎಸೆಯಬೇಕು, ಬೂಷ್ಟು ಹಿಡಿದ ಕಡಲೆಕಾಯಿಯನ್ನಂತೂ ಇಡಲೇಬಾರದು. ಕನಿಷ್ಠ ಎರಡು ವಾರಕ್ಕೊಮ್ಮೆ, ತೇವದ ದಿನಗಳಲ್ಲಿ ಇನ್ನೂ ಬೇಗ, ತಟ್ಟೆಯನ್ನು ಉಜ್ಜಿ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಅದ್ದಿ, ಮತ್ತೆ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಬೇಕು. ರೆಕ್ಕೆಪುಕ್ಕ ಉಬ್ಬಿಸಿಕೊಂಡು ಮಂಕಾಗಿ ಕುಳಿತ ಹಕ್ಕಿ ಕಂಡರೆ ಕೆಲವು ವಾರ ಕಾಳು ಇಡುವುದನ್ನೇ ನಿಲ್ಲಿಸಬೇಕು. ದೊಡ್ಡ ಗಾಜಿನ ಕಿಟಕಿಯಿದ್ದರೆ ಫೀಡರನ್ನು ಅದರಿಂದ ಒಂದು ಮೀಟರಿನೊಳಗೆ ತೂಗುಹಾಕುವುದು ಲೇಸು. ಅಷ್ಟು ಹತ್ತಿರದಿಂದ ಹಾರಿದ ಹಕ್ಕಿ ಗಾಜಿಗೆ ತಗುಲಿದರೂ ಪ್ರಾಣಕ್ಕೆ ಅಪಾಯವಾಗುವಷ್ಟು ವೇಗ ಪಡೆದಿರುವುದಿಲ್ಲ. ಕೋತಿಗಳು ಓಡಾಡುವ ಕಡೆ ಫೀಡರಿನ ಯೋಚನೆಯನ್ನೇ ಬಿಡುವುದು ಕ್ಷೇಮ.

ನಾನು ಕ್ಯಾಮೆರಾ ಕಟ್ಟುವ ಜಾಗಗಳು ಈಗ ಮೂರು ಬಗೆಯವು: ಗೋಡೆ ಅಥವಾ ಬೇಲಿಯ ಬುಡದಲ್ಲಿ ಹುಲ್ಲು ಸವೆದು ಉಂಟಾದ ಕಿರಿದಾರಿ, ಹಣ್ಣು ಉದುರುವ ಮರದ ಕೆಳಗು, ಮತ್ತು ನೀರಿನ ತಟ್ಟೆ. ನೀರೂ ಒಂದು ಆಮಿಷವೇ ಎಂದು ಆಕ್ಷೇಪಿಸಬಹುದು, ಅದು ಸರಿಯೂ ಹೌದು. ಆದರೆ ಕಾಳು ತಿನ್ನದ ಹಕ್ಕಿಗೂ, ಹುಳು ತಿನ್ನುವ ಪ್ರಾಣಿಗೂ, ಮಾಂಸ ತಿನ್ನುವ ಪ್ರಾಣಿಗೂ ನೀರು ಬೇಕಾದ್ದರಿಂದ ಅದು ಮಾಡುವ ಆಯ್ಕೆ ಕಾಳು ಮಾಡುವಷ್ಟು ಸಂಕುಚಿತವಲ್ಲ. ತಟ್ಟೆ ಐದು ಸೆಂಟಿಮೀಟರಿಗಿಂತ ಆಳವಿರಬಾರದು, ತಳ ಒರಟಾಗಿರಬೇಕು, ಹತ್ತಲು ಒಂದು ಕಲ್ಲಿರಬೇಕು. ಸೊಳ್ಳೆ ಮೊಟ್ಟೆಯಿಟ್ಟು ಮರಿಯಾಗದಂತೆ ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ತುಂಬಿಸಬೇಕು.

ನೀರಿನ ತಟ್ಟೆಯ ಮುಂದೆ ವಿಡಿಯೋ ವಿಧಾನದಲ್ಲಿ, ಧ್ವನಿ ಸಮೇತ ದಾಖಲಿಸುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ. ಒಂದು ಮಧ್ಯಾಹ್ನದ ತುಣುಕಿನಲ್ಲಿ ಹರಟೆಮಲ್ಲಗಳ ಗುಂಪೊಂದು ನೀರಿಗಿಳಿದು ರೆಕ್ಕೆ ಬಡಿಯುತ್ತಿದೆ. ಒಂದು ಮಾತ್ರ ಮೇಲಿನ ಕೊಂಬೆಯಲ್ಲಿ ಒದ್ದೆಯಾಗದೆ ಕುಳಿತು ಕತ್ತು ತಿರುಗಿಸುತ್ತಿದೆ. ಅಷ್ಟರಲ್ಲಿ ಚೌಕಟ್ಟಿನ ಹೊರಗೆಲ್ಲೋ ಅಳಿಲೊಂದು ಚಿಕ್ ಚಿಕ್ ಎಂದು ಒಂದೇ ಸಮನೆ ಕೂಗತೊಡಗುತ್ತದೆ. ಕೊಂಬೆಯ ಹಕ್ಕಿ ಕರ್ಕಶವಾಗಿ ಕೂಗಿದ್ದೇ ತಡ ತಟ್ಟೆ ಖಾಲಿ. ಕದಡಿದ ನೀರು ತಿಳಿಯಾಗುವ ಮೊದಲೇ ಮುಂಗುಸಿ ಚೌಕಟ್ಟಿಗೆ ಬಂದು, ಹಿಂಗಾಲ ಮೇಲೆ ನಿಂತು ಸುತ್ತ ನೋಡಿ, ಬಗ್ಗಿ ನೀರು ನೆಕ್ಕುತ್ತದೆ. ನಾಲ್ಕಾರು ಸಲ ನೆಕ್ಕುವುದು, ತಲೆಯೆತ್ತುವುದು. ಅಳಿಲಿನ ಕೂಗು ಕೊನೆಯವರೆಗೂ ನಿಲ್ಲುವುದಿಲ್ಲ. ಬರಿಯ ಚಿತ್ರವಾಗಿದ್ದರೆ ಹಕ್ಕಿಗಳು ಹಾರಿದ್ದು ಬೇರೆ, ಮುಂಗುಸಿ ಬಂದದ್ದು ಬೇರೆ ಎಂದೇ ಅನಿಸುತ್ತಿತ್ತು.

ಸಿಕ್ಕಿದ ಚಿತ್ರಗಳನ್ನು ಓದುವುದಕ್ಕೂ ಕೆಲವು ಶಿಸ್ತುಗಳು ಬೇಕು. ನೂರು ಚಿತ್ರವೆಂದರೆ ನೂರು ಪ್ರಾಣಿಯಲ್ಲ. ಒಂದೇ ಜಾತಿಯ ಪ್ರಾಣಿ ಅರ್ಧ ಗಂಟೆಯೊಳಗೆ ಮತ್ತೆ ಕಾಣಿಸಿಕೊಂಡರೆ ಅದನ್ನು ಒಂದೇ ಭೇಟಿಯೆಂದು ಲೆಕ್ಕ ಹಾಕುವುದು ಅಧ್ಯಯನಗಳಲ್ಲಿ ಹೆಚ್ಚಾಗಿ ಪಾಲಿಸುವ ಕ್ರಮ. ಹಕ್ಕಿಗಳ ವಿಷಯದಲ್ಲಿ, ಒಂದು ಚೌಕಟ್ಟಿನಲ್ಲಿ ಏಕಕಾಲಕ್ಕೆ ಕಂಡ ಗರಿಷ್ಠ ಸಂಖ್ಯೆಯನ್ನಷ್ಟೇ ಬರೆದುಕೊಳ್ಳಬೇಕು. ಕನಿಷ್ಠ ಅಷ್ಟು ಇವೆ ಎಂದು ಮಾತ್ರ ಅದರಿಂದ ಹೇಳಬಹುದು. ಬ್ಯಾಟರಿ ತೆಗೆದಾಗ ಕೆಲವು ಮಾದರಿಗಳ ಗಡಿಯಾರ ಹಿಂದಿನ ತಾರೀಖಿಗೆ ಮರಳಿಬಿಡುತ್ತದೆ. ಕಟ್ಟಿ ಮುಗಿಸಿದೊಡನೆ ದಿನಾಂಕ, ವೇಳೆ, ಜಾಗದ ಹೆಸರು ಬರೆದ ಹಾಳೆಯೊಂದನ್ನು ಲೆನ್ಸಿನ ಮುಂದೆ ಹಿಡಿದು ಒಂದು ಚಿತ್ರ ತೆಗೆಸಿಕೊಂಡರೆ ಗಡಿಯಾರ ಕೆಟ್ಟರೂ ಆಮೇಲೆ ಸರಿಪಡಿಸಿಕೊಳ್ಳಬಹುದು. ವೇಳೆ ಸರಿಯಾಗಿದ್ದರೆ ಅದೇ ಅತ್ಯಂತ ಬೆಲೆಬಾಳುವ ಮಾಹಿತಿ. ಒಂದೇ ಬೇಲಿಯ ಬುಡದ ಹಾದಿಯನ್ನು ಹಗಲು ಮುಂಗುಸಿಯೂ ರಾತ್ರಿ ಪುನುಗು ಬೆಕ್ಕೂ ಬಳಸುತ್ತವೆಂಬುದು ನನಗೆ ತಿಳಿದದ್ದು ಚಿತ್ರದ ಅಂಚಿನಲ್ಲಿದ್ದ ಅಂಕಿಗಳಿಂದ.

ಕ್ಯಾಮೆರಾದ ನೋಟದಲ್ಲಿ ನೆರೆಮನೆಯ ಕಿಟಕಿಯಾಗಲಿ ಬೀದಿಯಾಗಲಿ ಬೀಳದಂತೆ ನೋಡಿಕೊಳ್ಳುವುದು ಕಡ್ಡಾಯ. ಗೂಡಿನ ಮುಂದೆ ಕಟ್ಟುವುದು ಬೇಡ. ನಾವು ಪದೇಪದೇ ಹೋಗಿಬಂದು ತುಳಿದ ಜಾಡೇ ಕಾಗೆಗೂ ಬೆಕ್ಕಿಗೂ ಗೂಡಿನ ದಾರಿ ತೋರಿಸಬಹುದು.

ನನ್ನ ಮಾತನ್ನು ಒಪ್ಪದವರು ತಾವೇ ಪರೀಕ್ಷಿಸಿ ನೋಡಬಹುದು. ಕ್ಯಾಮೆರಾದ ಜಾಗ, ಎತ್ತರ, ಕೋನ ಯಾವುದನ್ನೂ ಬದಲಿಸದೆ ಎರಡು ವಾರ ತಟ್ಟೆಯಲ್ಲಿ ಕಾಳಿಟ್ಟು, ಮುಂದಿನ ಎರಡು ವಾರ ತಟ್ಟೆಯನ್ನೇ ತೆಗೆದು, ಎರಡೂ ಅವಧಿಯ ಭೇಟಿಗಳನ್ನು ಜಾತಿವಾರು, ಗಂಟೆವಾರು ಬರೆದಿಡಿ. ಮೊದಲ ಕೆಲವು ದಿನ ಹಳೆಯ ಅಭ್ಯಾಸದಿಂದ ಬಂದು ನೋಡಿ ಹೋಗುವ ಹಕ್ಕಿಗಳಿರುತ್ತವಾದ್ದರಿಂದ ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೆಯ ಪಟ್ಟಿ ಚಿಕ್ಕದಾಗಿರುತ್ತದೆ, ಅನುಮಾನವಿಲ್ಲ. ನನ್ನ ಪಟ್ಟಿಯಲ್ಲಿ ಪಾರಿವಾಳಗಳು ಇಲ್ಲವಾದವು, ಹೆಗ್ಗಣಗಳು ವಿರಳವಾದವು; ಪುನುಗು ಬೆಕ್ಕು, ಮುಂಗುಸಿ, ಕೆಂಬೂತ, ಮಡಿವಾಳ ಹಕ್ಕಿಗಳ ಭೇಟಿ ಮೊದಲಿನಷ್ಟೇ ಇತ್ತು.